ಹಂದಿಗೂ ನೈಟ್ ಶಿಫ್ಟ್

“ನಿಂಗೆ ನೈಟ್ ಶಿಫ್ಟ್ ಅಭ್ಯಾಸ ಇದೆಯಲ್ಲಪ್ಪಾ, ಒಂದಿನ ಹೊಲಕ್ಕೆ ಬಾ” ಅಂತ ಮಾವ ಫೋನಲ್ಲಿ ಅಂದಾಗ ತಮಾಷೆ ಅಂದುಕೊಂಡೆ. ಶನಿವಾರ ರಾತ್ರಿ ಗೌರಿಬಿದನೂರಿನ ಆಚೆ, ಗುಡ್ಡದ ಬುಡದಲ್ಲಿರೋ ಅವನ ಕಡಲೆಕಾಯಿ ಹೊಲದ ಅಟ್ಟಣೆ ಹತ್ತಿದ ಮೇಲೆ ಗೊತ್ತಾಯ್ತು. ಹಿಂದಿನ ವಾರ ಕಾಡುಹಂದಿಗಳು ಒಂದು ಮೂಲೆಯನ್ನ ನೇಗಿಲು ಹೊಡೆದ ಹಾಗೆ ಉತ್ತು ಹೋಗಿದ್ದವು.

ನಮ್ಮ ತಾತ ಬೇಟೆಗಾರ. ಮಧುಗಿರಿ ಕಡೆಯ ಮೈದನಹಳ್ಳಿ ಬಯಲಲ್ಲಿ ಹಾಡುಹಗಲೇ, ಎತ್ತಿನ ಮರೆಯಲ್ಲಿ ನಡೆದು ಜಿಂಕೆ ಹತ್ತಿರ ಹೋಗ್ತಿದ್ದನಂತೆ. 1972ರ ವನ್ಯಜೀವಿ ಕಾಯ್ದೆ ಬಂತು, ಬೇಟೆ ಮುಗೀತು. ಈಗ ಆ ಬಯಲು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ. ಮಾವನ ಪಾಲಿಗೆ ಉಳಿದದ್ದು ರಾತ್ರಿ ಬರೋ ಹಂದಿ, ಅದನ್ನ ಓಡಿಸೋ ಕೆಲಸ.

ಇಲ್ಲಿ ತಾತನ ವಿದ್ಯೆಯೆಲ್ಲ ಉಲ್ಟಾ. ತಾತ ಮೈವಾಸನೆ ಸಿಗದ ಹಾಗೆ ಗಾಳಿಗೆ ಎದುರಾಗಿ ನಡೀತಿದ್ದ. ಮಾವ ಕ್ಷೌರದಂಗಡಿಯಿಂದ ಕೂದಲು ತಂದು ಬದುವಿನುದ್ದಕ್ಕೂ ಚೆಲ್ತಾನೆ, ಮನುಷ್ಯನ ವಾಸನೆ ಹೊಡೀಲಿ ಅಂತ. ಒಂದು ವಾರ ನಡೀತು, ಆಮೇಲೆ ಹಂದಿಗಳು ಕೂದಲಿನ ಮೇಲೇ ನಡೆದು ಬಂದವು. ಹಳೇ ಸೀರೆ ಕಟ್ಟಿದ, ಅದಕ್ಕೂ ಹೊಂದಿಕೊಂಡವು. ಮೊದಲು ಸಂಜೆಯಿಂದಲೇ ಟಾರ್ಚ್ ಹಿಡಿದು ಕೂಗಾಡ್ತಿದ್ದನಂತೆ. ಅವು ಅವನಿಗೆ ನಿದ್ದೆ ಹತ್ತೋವರೆಗೂ ಕಾದು ಬರ್ತಿದ್ದವು. ಈಗ ಎಂಟಕ್ಕೇ ಮಲಗಿ ಒಂದು ಗಂಟೆಗೆ ಏಳ್ತಾನೆ. ಬೆಳಿಗ್ಗೆ ಹೆಜ್ಜೆ ನೋಡಿ, ಅವು ಎಲ್ಲಿಂದ ನುಗ್ಗಿದವೋ ಅಲ್ಲೇ ಮಾರನೇ ರಾತ್ರಿ ಕಾವಲು.

ಮನುಷ್ಯರ ಕಾಟಕ್ಕೆ ಪ್ರಾಣಿಗಳು ಹಗಲು ಬಿಟ್ಟು ರಾತ್ರಿಗೆ ಸರೀತಿವೆ ಅಂತ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದಿತ್ತು, 62 ಜಾತಿಗಳ ಲೆಕ್ಕ. ಮಾವನಿಗೆ ಹೇಳಿದೆ. “ಅವರಿಗೂ ಕಡಲೆಕಾಯಿ ಹೊಲ ಇತ್ತಾ?” ಅಂದ.

ಎರಡೂವರೆಗೆ ಮೆಲ್ಲಗೆ ಮಾತು ತೆಗೆದ. “ಕರೆಂಟ್ ತಂತಿ ಎಳೆದುಬಿಡು ಅಂತಾರೆ ಕಣೋ, ಒಂದೇ ರಾತ್ರಿ ಕೆಲಸ.”

ನಾನು ಕಾನೂನು ಮಾತಾಡೋಕೆ ಹೋಗಲಿಲ್ಲ. ದೂರದಲ್ಲಿ ಒಂದು ಟಾರ್ಚ್ ಅಲ್ಲಾಡ್ತಿತ್ತು. “ಅದ್ಯಾರು ಮಾವ?”

“ತ್ರೀ ಫೇಸ್ ಬಂದಿರ್ಬೇಕು. ಯಾರೋ ಮೋಟ್ರು ಹಾಕೋಕೆ ಹೊರಟವ್ರೆ.” ಅಂದವನು ಸುಮ್ಮನಾದ. ಆ ಬೆಳಕು ನಮ್ಮ ಬದು ದಾಟಿ ಹೋಗೋವರೆಗೂ ನೋಡ್ತಾ ಕೂತಿದ್ದ.

ನಾಲ್ಕಕ್ಕೆ ಹಂದಿಗಳು ಬಂದವು, ನಾವು ಕಾಯದೇ ಇದ್ದ ಕಡೆಯಿಂದ. ತಗಡು ಬಡಿದು ಓಡಿಸೋ ಹೊತ್ತಿಗೆ ಎರಡು ಸಾಲು ಹೋಗಿತ್ತು.

ಬೆಳಿಗ್ಗೆ ಕೈಕಾಲು ತೊಳೆಯೋಕೆ ಮೋಟ್ರು ಮನೆಗೆ ಹೋದರೆ ಮೂಲೆಯಲ್ಲಿ ತಂತಿಯ ಸುರುಳಿ. ಹೊಸದು, ಇನ್ನೂ ಬಿಚ್ಚಿರಲಿಲ್ಲ. ಮಾವ ಬಾಗಿಲಲ್ಲಿ ನಿಂತಿದ್ದ. ಅದರ ಬಗ್ಗೆ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

“ಮುಂದಿನ ಶನಿವಾರಾನೂ ಬರ್ತೀನಿ” ಅಂದೆ.

“ಶುಕ್ರವಾರಾನೇ ಬಾ. ಅಮಾವಾಸ್ಯೆ ಹತ್ರ ಬಂತು, ಕತ್ತಲು ಜಾಸ್ತಿ.”