ಲಾನ್ರಮ್ನಿಯ ಹಳೆಯ ಮನೆ

ಮದ್ಯವನ್ನು ಮಾರುವ ಮನೆಯ ಹೊಸ್ತಿಲನ್ನು ನಾನು ಅರುವತ್ತು ವರುಷಗಳಲ್ಲಿ ಒಮ್ಮೆಯೂ ದಾಟಿದವನಲ್ಲ. ಹೋದ ಬೇಸಗೆಯಲ್ಲಿ ವೇಲ್ಸ್ ದೇಶದ ಕಾರ್ಡಿಫ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾಗ ಆ ನಿಯಮವು ಮುರಿಯಿತು. ಅದು ಮುರಿದ ಬಗೆಯನ್ನು ಓದುಗರಲ್ಲಿ ನಿವೇದಿಸಬೇಕೆಂದು ಈ ಲೇಖನ. ಯಾರೂ ಗಾಬರಿಪಡಬೇಕಾಗಿಲ್ಲ, ನಾನು ಅಲ್ಲಿ ಕುಡಿದುದು ಚಹಾ.

ಕಾರ್ಡಿಫಿನ ಪೂರ್ವಕ್ಕೆ ರಮ್ನಿ ಎಂಬ ಚಿಕ್ಕ ನದಿಯುಂಟು. ಅದರಾಚೆ ಇರುವುದು ಲಾನ್ರಮ್ನಿ ಬಡಾವಣೆ. ‘ಲಾನ್’ ಎಂದರೆ ಆ ದೇಶದ ಭಾಷೆಯಲ್ಲಿ ದೇವಾಲಯದ ಆವರಣ. ನಿಜವಾಗಿ ಅದರ ಮೊದಲಕ್ಷರವು ನಮ್ಮ ಲಕಾರವಲ್ಲ. ನಾಲಗೆಯನ್ನು ಲಕಾರದ ಸ್ಥಾನದಲ್ಲಿಟ್ಟು, ನಾದವಿಲ್ಲದೆ, ಉಸಿರನ್ನು ಪಕ್ಕದಿಂದ ಹೊರಡಿಸಬೇಕು. ಮೂವತ್ತು ವರುಷ ಮಕ್ಕಳಿಗೆ ಸ್ಥಾನ ಪ್ರಯತ್ನಗಳನ್ನು ಬೋಧಿಸಿದ ನಾನು ಈ ಒಂದು ಅಕ್ಷರವನ್ನು ಸಾಧಿಸಲು ವಾರವೆಲ್ಲ ಹೆಣಗಿದೆನು. ಏಳು ವರುಷದ ಮೊಮ್ಮಗನು ಅದನ್ನು ಲೀಲೆಯಿಂದ ಉಚ್ಚರಿಸಿ ನನ್ನನ್ನು ನೋಡಿ ನಕ್ಕನು. ಅಲ್ಲಿಯ ಜನರೇ ಇಂಗ್ಲಿಷ್ ರೀತಿಯಲ್ಲಿ ‘ಲಾನ್ರಮ್ನಿ’ ಎನ್ನುವುದರಿಂದ ನಾನೂ ಹಾಗೆಯೇ ಬರೆದಿದ್ದೇನೆ.

ಬಡಾವಣೆಯಲ್ಲಿ ನೋಡತಕ್ಕುದು ಹೆಚ್ಚೇನಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಾರ್ಡಿಫಿನ ಮೇಲೆ ಬಾಂಬುಗಳು ಬಿದ್ದುವು. 1941ರ ಜನವರಿಯ ಒಂದೇ ರಾತ್ರಿಯಲ್ಲಿ ನೂರಕ್ಕೂ ಹೆಚ್ಚು ಜನರು ಸತ್ತರು. ಯುದ್ಧವು ಮುಗಿದ ಮೇಲೆ ಮನೆಯಿಲ್ಲದವರಿಗೂ ಇಕ್ಕಟ್ಟಾದ ಹಳೆಯ ಬೀದಿಗಳಲ್ಲಿದ್ದವರಿಗೂ ನಗರಸಭೆಯು ಹೊರವಲಯದ ಹೊಲಗಳಲ್ಲಿ ಬಾಡಿಗೆಯ ಮನೆಗಳನ್ನು ಕಟ್ಟಿಸಿತು. 1950ರ ದಶಕದಲ್ಲಿ ಲಾನ್ರಮ್ನಿಯು ಹೀಗೆ ಹುಟ್ಟಿತು. ಒಂದರಂತೆ ಒಂದಿರುವ ಮನೆಗಳು, ಮುಂದೆ ಅಂಗೈಯಗಲದ ತೋಟ. ದೊಡ್ಡ ಬೀದಿಯ ಹೆಸರು ಕೌಂಟಿಸ್ಬರಿ. ಅದು ಕಡಲಕೊಲ್ಲಿಯ ಆಚೆಯ ದಡದಲ್ಲಿ, ಡೆವನ್ ಸೀಮೆಯಲ್ಲಿರುವ ಹಳ್ಳಿಯ ಹೆಸರು.

ಈ ಏಕರೂಪದ ಮನೆಗಳ ನಡುವೆ, ಅವುಗಳಿಗಿಂತ ನಾಲ್ಕು ಶತಮಾನ ಹಿರಿದಾದ ಒಂದು ಮನೆಯು ಇಂದಿಗೂ ನಿಂತಿದೆ. ಲಾನ್ರಮ್ನಿ ಹಾಲ್ ಎಂದು ಅದರ ಹೆಸರು. ಸುತ್ತಲಿನ ಭೂಮಿಯು ಪೂರ್ವದಲ್ಲಿ ಕೇನ್‌ಶಮ್ ಎಂಬಲ್ಲಿಯ ಕ್ರೈಸ್ತ ಮಠದ್ದಾಗಿತ್ತು. ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿಸಿದಾಗ ಅದು ಗೃಹಸ್ಥರ ಕೈಸೇರಿ, ಮಾರ್ಗನ್ ಎಂಬ ಮನೆತನದವರು ಇಲ್ಲಿ ನೆಲೆನಿಂತರು. 1282ರಲ್ಲಿ ಹತನಾದ ವೇಲ್ಸಿನ ಕಡೆಯ ಸ್ವತಂತ್ರ ರಾಜಕುಮಾರ ಲುವೆಲಿನನ ದೇಹವನ್ನು ಈ ಮನೆಯ ಗೋಡೆಯೊಳಗೆ ಅಡಗಿಸಿದ್ದರೆಂದು ಸ್ಥಳೀಯರು ಹೇಳುವುದುಂಟು. ಹಳೆಯ ಮನೆಯೆಂದ ಮೇಲೆ ಗೋಡೆಯೊಳಗೆ ಏನಾದರೂ ಇರಲೇಬೇಕಷ್ಟೆ; ನಮ್ಮಲ್ಲಾದರೆ ಏಳು ಕೊಪ್ಪರಿಗೆ ಹೊನ್ನು ಇರುತ್ತಿತ್ತು!

ಹೆಚ್ಚು ನೆಚ್ಚತಕ್ಕ ಕಥೆಯು ಹೆನ್ರಿ ಮಾರ್ಗನನದು. ಸುಮಾರು 1635ರಲ್ಲಿ ಹುಟ್ಟಿದ ಈತನು ಲಾನ್ರಮ್ನಿಯ ಮಾರ್ಗನರ ಮಗನೆಂದು ಬಹುಮಂದಿ ನಂಬುತ್ತಾರೆ. ಇವನು ವೆಸ್ಟ್ ಇಂಡೀಸ್ ದ್ವೀಪಗಳಿಗೆ ಹೋಗಿ, ಜಮೈಕದ ಅಧಿಕಾರಿಗಳ ಅನುಮತಿಪತ್ರವನ್ನು ಕೈಯಲ್ಲಿ ಹಿಡಿದು, ಸ್ಪೇನಿನವರ ಊರುಗಳನ್ನು ಕೊಳ್ಳೆಹೊಡೆದನು. 1668ರಲ್ಲಿ ಪೋರ್ಟೊಬೆಲೊ, 1671ರಲ್ಲಿ ಪನಾಮ. ಪನಾಮದ ಲೂಟಿಯು ಸಂಧಿಗೆ ವಿರುದ್ಧವಾದುದರಿಂದ ಅವನನ್ನು ಹಿಡಿದು ಲಂಡನ್ನಿಗೆ ಕರೆತಂದರು. ಆದರೆ ದೊರೆಯು ದಂಡಿಸುವ ಬದಲು 1674ರಲ್ಲಿ ‘ಸರ್’ ಪದವಿಯನ್ನಿತ್ತು, ಜಮೈಕಕ್ಕೆ ಉಪರಾಜ್ಯಪಾಲನನ್ನಾಗಿ ಕಳುಹಿಸಿದನು. ತನ್ನನ್ನು ಕುರಿತು ಅಪಮಾನಕರವಾಗಿ ಪುಸ್ತಕವನ್ನು ಅಚ್ಚುಹಾಕಿದ ಪ್ರಕಾಶಕರ ಮೇಲೆ ಈ ಕಡಲುಗಳ್ಳನು ಮಾನನಷ್ಟದ ದಾವೆ ಹೂಡಿ ಗೆದ್ದನೆಂಬುದನ್ನು ಓದಿ ನನಗೆ ನಗು ಬಂದಿತು. 1688ರಲ್ಲಿ ಸತ್ತನು, ನಾಲ್ಕು ವರುಷಗಳಲ್ಲಿ ಭೂಕಂಪವಾಗಿ ಅವನ ಗೋರಿಯೇ ಕಡಲಪಾಲಾಯಿತು. ಉಳಿದುದು ಹೆಸರು, ಅದೂ ರಮ್ ಸೀಸೆಗಳ ಮೇಲೆ.

ಜಮೈಕದಲ್ಲಿ ತಾನು ಕೊಂಡ ಕಬ್ಬಿನ ತೋಟಕ್ಕೆ ಮಾರ್ಗನನು ಇಟ್ಟ ಹೆಸರು ಲಾನ್ರಮ್ನಿ. ಅವನು ಸತ್ತಾಗ ಅವನ ಆಸ್ತಿಯ ಪಟ್ಟಿಯಲ್ಲಿ ಪಾತ್ರೆ ಪರಡಿಗಳೊಡನೆ ನೂರಕ್ಕೂ ಹೆಚ್ಚು ಗುಲಾಮರು ಸೇರಿದ್ದರು. ಅವನ ತರುವಾಯವೂ ಆ ತೋಟವು ಅದೇ ಹೆಸರಿನಿಂದ ನಡೆಯಿತು. ಆಫ್ರಿಕದಿಂದ ಹಡಗಿನಲ್ಲಿ ತುಂಬಿ ತಂದವರೂ ಅವರ ಮಕ್ಕಳೂ ಅಲ್ಲಿ ಕಬ್ಬು ಕಡಿದರು. ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಮಾಡಿದುದು 1833ರಲ್ಲಿ. ಆ ತೋಟದ ಹೆಂಗಸರನ್ನು ಕುರಿತು ಅಜುಕ ಒಫೋರ್ಕ ಎಂಬಾಕೆ ಬರೆದ ನಾಟಕವು 2024ರಲ್ಲಿ ಕಾರ್ಡಿಫಿನ ಷೆರ್ಮನ್ ರಂಗಮಂದಿರದಲ್ಲಿ ಆಡಲ್ಪಟ್ಟಿತು. ನನ್ನ ಮಗಳು ಅದನ್ನು ಕಂಡುಬಂದವಳು. ಅವಳ ಬಾಯಿಂದ ಕೇಳಿಯೇ ನನಗೆ ಈ ಮನೆಯನ್ನು ನೋಡುವ ಆಸೆಯಾದುದು. ಇದೇ ಮನೆಯಲ್ಲಿ 1855ರಿಂದ 1860ರವರೆಗೆ ಫ್ರೀಮನ್ ಎಂಬ ಪ್ರಸಿದ್ಧ ಇತಿಹಾಸಕಾರನೂ ವಾಸವಾಗಿದ್ದನು. ಕಳ್ಳನಿಗೂ ಪಂಡಿತನಿಗೂ ಒಂದೇ ಸೂರು; ಮನೆಗೆ ಪಕ್ಷಪಾತವಿಲ್ಲ.

ಬಡಾವಣೆಯು ಎದ್ದ ಕಾಲದಲ್ಲಿ ಬ್ರಿಟನ್ನಿನಲ್ಲಿ ಇಂತಹ ನೂರಾರು ಮನೆಗಳನ್ನು ಕೆಡವಿದರು. ತೆರಿಗೆ ಹೆಚ್ಚಿತು, ಆಳುಗಳು ಸಿಕ್ಕಲಿಲ್ಲ, ಛಾವಣಿಗಳು ಸೋರಿದುವು. ಲಾನ್ರಮ್ನಿ ಹಾಲ್ ಉಳಿದುದು ಪಬ್ಬಾದುದರಿಂದ. ‘ಪಬ್’ ಎಂಬುದು ಸಂಕ್ಷೇಪ. ಪೂರ್ಣವಾಗಿ ‘ಸಾರ್ವಜನಿಕರ ಮನೆ’ ಎಂದರ್ಥ. ನನಗೆ ಕೌಟಿಲ್ಯನ ಸುರಾಧ್ಯಕ್ಷ ಪ್ರಕರಣವು ನೆನಪಾಯಿತು. ಪಾನಗೃಹದಲ್ಲಿ ಹಲವು ಕೋಣೆಗಳೂ ಬೇರೆ ಬೇರೆ ಆಸನಗಳೂ ಇರಬೇಕು, ಹೂವು ನೀರು ಗಂಧಗಳಿರಬೇಕು, ಎಲ್ಲ ಋತುಗಳಲ್ಲಿಯೂ ಸುಖವಾಗಿರಬೇಕು ಎಂದು ಆ ಕಠಿನಹೃದಯನೂ ವಿಧಿಸಿದ್ದಾನೆ. ಅದನ್ನು ಪಾಠ ಹೇಳುವಾಗಲೆಲ್ಲ ನಾನು ಆ ಭಾಗವನ್ನು ಅವಸರದಿಂದ ಮುಗಿಸುತ್ತಿದ್ದೆನು. ಕಾರಣವನ್ನು ಹೇಳಬೇಕು.

ಹಾಸನದ ಸೀಮೆಯಲ್ಲಿ ನಮ್ಮದೊಂದು ತೊಟ್ಟಿಯ ಮನೆಯಿತ್ತು. 1984ರಲ್ಲಿ ಅಣ್ಣತಮ್ಮಂದಿರ ಪಾಲಾಗಿ, ಸಾಲ ತೀರಿಸುವ ಸಲುವಾಗಿ ಅದು ಸಾರಾಯಿಯ ಗುತ್ತಿಗೆದಾರನಿಗೆ ಕ್ರಯವಾಯಿತು. ನನ್ನ ತಾತನವರು ವೇದಾಧ್ಯಯನ ಮಾಡಿದ ಜಗಲಿಯ ಮೇಲೆ ಪೀಪಾಯಿಗಳು ಕುಳಿತುವು. ಅಂದಿನಿಂದ ನಾನು ಆ ಬೀದಿಯಲ್ಲಿ ನಡೆಯಲಿಲ್ಲ. ದೇವಸ್ಥಾನಕ್ಕೂ ಬಳಸಿಕೊಂಡೇ ಹೋಗುತ್ತಿದ್ದೆನು. 2007ರಲ್ಲಿ ಸರಕಾರವು ಸಾರಾಯಿಯನ್ನು ನಿಷೇಧಿಸಿದಾಗ ಅಂಗಡಿಯು ಮುಚ್ಚಿತು.

ಮಗಳೂ ಮೊಮ್ಮಗನೂ ನಾನೂ ಲಾನ್ರಮ್ನಿ ಹಾಲಿನ ಬಾಗಿಲಲ್ಲಿ ನಿಂತಾಗ ನನ್ನ ಕಾಲು ಮುಂದಕ್ಕೆ ಬರಲಿಲ್ಲ. “ಹೊರಗಿಂದಲೇ ನೋಡಿ ಹೋಗೋಣ, ಅಪ್ಪಾ” ಎಂದಳು ಮಗಳು. ಅಷ್ಟರಲ್ಲಿ ಮೊಮ್ಮಗನು ಒಳಗೆ ಓಡಿಯಾಗಿತ್ತು. ಮಗುವನ್ನು ಹಿಂಬಾಲಿಸಿ ನಾನೂ ಹೋದೆನು.

ಒಳಗೆ ನಾನು ಎಣಿಸಿದ್ದ ಗದ್ದಲವಾಗಲಿ ದುರ್ಗಂಧವಾಗಲಿ ಇರಲಿಲ್ಲ. ಇತ್ತೀಚಿನ ವರುಷಗಳಲ್ಲಿ ಬಡಾವಣೆಯವರೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡು ಮನೆಯ ಮೇಲ್ವಿಚಾರಣೆಯನ್ನು ವಹಿಸಿಕೊಂಡಿದ್ದಾರೆ. ಪಾನದ ಜತೆಗೆ ಊರಿನ ಸಭೆ ಸಮಾರಂಭಗಳೂ ಅಲ್ಲಿ ನಡೆಯುತ್ತವೆ. ಕಿಟಕಿಯ ಬಳಿ ಕುಳಿತಿದ್ದ ಎಂಬತ್ತರ ಸಮೀಪದ ಮುದುಕಿಯೊಬ್ಬರು ಮೊಮ್ಮಗನನ್ನು ಮಾತಾಡಿಸಿದರು. ಅವರ ಉಚ್ಚಾರಣೆ ನನಗೆ ಅರ್ಧವೂ ತಿಳಿಯದೆ ಮಗಳು ತಿಳಿಸಿ ಹೇಳಬೇಕಾಯಿತು. ಹಡಗುಕಟ್ಟೆಯ ಬಳಿ ಎರಡು ಕೋಣೆಗಳಲ್ಲಿ ಎಂಟು ಮಂದಿ ಇದ್ದವರು, ತಾವು ಚಿಕ್ಕವರಾಗಿದ್ದಾಗ ಇಲ್ಲಿಗೆ ಬಂದರಂತೆ. ಬಚ್ಚಲ ಕೊಳಾಯಿಯನ್ನು ತಿರುಗಿಸಿ ತಿರುಗಿಸಿ ತಾಯಿ ಅತ್ತರಂತೆ. ತಂದೆಯು ಶುಕ್ರವಾರದ ಸಂಜೆ ಈ ಮನೆಗೆ ಬಂದು ಒಂದೇ ಬಟ್ಟಲನ್ನು ಎರಡು ಗಂಟೆಯ ಹೊತ್ತು ಕುಡಿಯುತ್ತಿದ್ದರಂತೆ. ಇವರ ಮದುವೆಯ ಊಟವೂ ಇಲ್ಲಿಯೇ ಆಯಿತಂತೆ. “ಮೊದಲಾಗಿದ್ದರೆ ನಮ್ಮಂಥವರನ್ನು ಹಿತ್ತಿಲ ಬಾಗಿಲಿಗೂ ಬಿಡುತ್ತಿರಲಿಲ್ಲ” ಎಂದು ಅವರು ಮೇಜನ್ನು ತಟ್ಟಿ ನಕ್ಕರು. ಮಗಳು ಜಮೈಕದ ತೋಟದ ಮಾತೆತ್ತಿದಾಗ ನಗು ನಿಂತಿತು. “ಶಾಲೆಯಲ್ಲಿ ನಮಗೆ ಕಡಲುಗಳ್ಳನ ಕಥೆ ಮಾತ್ರ ಹೇಳಿದರು” ಎಂದರು.

ಚಹಾ ಬಂದಿತು. ನಾನು ಸಕ್ಕರೆಯನ್ನು ಬೆರೆಸಿಕೊಳ್ಳುತ್ತ, ಯಾರಿಗೂ ಹೇಳದಿದ್ದ ಒಂದು ವಿಷಯವನ್ನು ಮಗಳಿಗೆ ಹೇಳಿದೆನು. 2007ರಲ್ಲಿ ಗುತ್ತಿಗೆದಾರನ ಮಗನು ನನ್ನ ಬಳಿಗೆ ಬಂದು, “ಮೇಷ್ಟರೇ, ನಿಮ್ಮ ಮನೆ ನಿಮಗೇ ಇರಲಿ, ಆದಷ್ಟು ಕೊಡಿ, ಉಳಿದುದನ್ನು ನಿಧಾನವಾಗಿ ತೀರಿಸಿ” ಎಂದಿದ್ದನು. ನನ್ನಲ್ಲಿ ಹಣವಿತ್ತು. ಸಾರಾಯಿಯ ವಾಸನೆ ಹತ್ತಿದ ಮನೆ ನನಗೆ ಬೇಡವೆಂದು ಅವನನ್ನು ಕುಳ್ಳಿರಿಸದೆಯೇ ಕಳುಹಿಸಿದೆನು. ಮರುವರುಷ ಕೊಂಡವರು ಮನೆಯನ್ನು ಕೆಡವಿದರು. ಈಗ ಅಲ್ಲಿ ಮೂರಂತಸ್ತಿನ ಅಂಗಡಿಗಳಿವೆ.

“ಅಮ್ಮನಿಗೆ ಗೊತ್ತೇ, ಅಪ್ಪಾ?”

“ಇಲ್ಲ.”

ಅವಳು ಮುಂದೇನೂ ಕೇಳಲಿಲ್ಲ. ಮುದುಕಿಯು ನಮ್ಮ ಮಾತು ಅರ್ಥವಾಗದಿದ್ದರೂ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಬಸ್ಸಿಗಾಗಿ ಕಾಯುತ್ತಿದ್ದಾಗ ಮೊಮ್ಮಗನು, “ತಾತ, ನಿಮ್ಮ ಮನೆ ಇದಕ್ಕಿಂತ ದೊಡ್ಡದಿತ್ತೇ?” ಎಂದು ಕೇಳಿದನು. ಜೇಬಿನಲ್ಲಿದ್ದ ಕಾಗದದ ಮೇಲೆ ಜಗಲಿ, ಪಡಸಾಲೆ, ತೊಟ್ಟಿ, ಅದರ ನಾಲ್ಕು ಕಂಬಗಳು, ದೇವರ ಕೋಣೆ, ಬಾವಿ ಎಲ್ಲವನ್ನೂ ಗೀರಿ ತೋರಿಸಿದೆನು. ಅಡಿಗೆಯ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂದು ಯೋಚಿಸುತ್ತಿರುವಷ್ಟರಲ್ಲಿ ಬಸ್ಸು ಬಂದಿತು.