ಹೊಗೆಗೆ ಬೆಲೆ, ಹೊಂಗೆಗೆ ನೆಲೆ

ಹಾಸನದಿಂದ ಹೊಳೆನರಸೀಪುರಕ್ಕಾಗಲಿ, ಅರಕಲಗೂಡಿಗಾಗಲಿ, ಚನ್ನರಾಯಪಟ್ಟಣಕ್ಕಾಗಲಿ ಹೊರಟವರಿಗೆ ಹೊಲದ ಬದುವಿನ ಹೊಂಗೆಮರ ಹೊಸದೇನಲ್ಲ. ಸೀಮೆಎಣ್ಣೆ ಬರುವ ಮುನ್ನ ಹಳ್ಳಿಯ ಹಣತೆಗಳಲ್ಲಿ ಅದರ ಎಣ್ಣೆಯೂ ಉರಿದುದುಂಟು. 2007ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಾಸನದ ಸಮೀಪದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿ, ಹೊಂಗೆ, ಬೇವು, ಹಿಪ್ಪೆಗಳ ಬೀಜದಿಂದ ಎಂಜಿನ್ ಓಡಿಸುವ ಎಣ್ಣೆ ತೆಗೆಯುವ ವಿದ್ಯೆಯನ್ನು ರೈತರ ಮುಂದಿಟ್ಟಿತು.

ವಿದ್ಯೆಯೇನೋ ಸರಿ, ಸಂತೆಯ ಲೆಕ್ಕವೇ ಬೇರೆ. ಬೀಜವನ್ನು ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸಿದ ಹೆಂಗಸಿಗೆ ಕೂಲಿ ಗಿಟ್ಟಬೇಕು. ಎಣ್ಣೆಯು ಡೀಸೆಲ್ಲಿನೊಡನೆ ಸ್ಪರ್ಧಿಸಲೂ ಬೇಕು. ಡೀಸೆಲ್ಲಿನ ಹೊಗೆ ಮಾಡುವ ಕೇಡು ಅದರ ಬೆಲೆಯಲ್ಲಿ ಕಾಣದಿದ್ದರೆ ಹೊಂಗೆ ಗೆಲ್ಲುವುದೆಂತು? ಹೊಗೆಗೂ ಬೆಲೆ ಕಟ್ಟಬೇಕೆಂದು ಅರ್ಥಶಾಸ್ತ್ರಜ್ಞರು ಹೇಳುವುದು ಇದಕ್ಕಾಗಿಯೇ.

ಫಿನ್ಲೆಂಡ್ 1990ರಲ್ಲಿಯೇ ಇಂಗಾಲದ ತೆರಿಗೆ ವಿಧಿಸಿತು. ಭಾರತವು 2010ರಲ್ಲಿ ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸುಂಕ ಹಾಕಿ, 2016ರಲ್ಲಿ ಅದನ್ನು 400ಕ್ಕೆ ಏರಿಸಿತು. ಆದರೆ ಹೊರೆ ಕೊನೆಗೆ ಬೀಳುವುದು ಗೃಹಿಣಿಯ ವಿದ್ಯುತ್ ಬಿಲ್ಲಿನ ಮೇಲೆ ಎಂಬ ಆಕ್ಷೇಪವೂ ಸುಳ್ಳಲ್ಲ. ಶುದ್ಧ ಇಂಧನಕ್ಕೆಂದು ಹುಟ್ಟಿದ ಆ ಸುಂಕವು 2017ರಲ್ಲಿ ರಾಜ್ಯಗಳ ಜಿ.ಎಸ್.ಟಿ. ನಷ್ಟ ತುಂಬುವ ಸುಂಕವಾಗಿ ಮಾರ್ಪಟ್ಟಿತು.

ಹೊಗೆಗೆ ಬೆಲೆ ಕಟ್ಟುವುದು ನ್ಯಾಯವೇ. ಆದರೆ ಆ ಹಣ ಬದುವಿನಲ್ಲಿ ಬೀಜ ಆಯುವವಳ ಮಡಿಲನ್ನು ಮುಟ್ಟದಿದ್ದರೆ ಅದು ಮತ್ತೊಂದು ಕಂದಾಯವಷ್ಟೆ.