ಕುಂಭಕ ಮಾತ್ರ ಬೇಡ

ಹೆಂಗಸರಿಗೂ ನೀರಿಗೂ ಇರುವ ನಂಟು ದೊಡ್ಡದು. ಬೆಳಗೆದ್ದು ಅಂಗಳಕ್ಕೆ ನೀರು ಚಿಮುಕಿಸುವುದರಿಂದ ಹಿಡಿದು ರಾತ್ರಿ ಕೊನೆಯ ಪಾತ್ರೆ ಬೋರಲು ಹಾಕುವವರೆಗೆ ನಮ್ಮ ಕೈ ನೀರಿನಲ್ಲೇ. ಸೇದಿದ್ದೇವೆ, ಹೊತ್ತಿದ್ದೇವೆ, ಕಾಯಿಸಿದ್ದೇವೆ, ನಲ್ಲಿಯ ಮುಂದೆ ಕಾದು ಕೂತು ಹಿಡಿದಿದ್ದೇವೆ. ಆದರೆ ಯಾವ ಕೆಲಸವೂ ಇಲ್ಲದೆ, ಸುಮ್ಮನೆ ಖುಷಿಗೆಂದು ನೀರಿನೊಳಗೆ ಇಳಿದವರು ನಮ್ಮಲ್ಲಿ ಎಷ್ಟು ಮಂದಿ?

ನಾನು ಬೆಳೆದ ಸಾಗರ ಸೀಮೆಯ ಹಳ್ಳಿಯಲ್ಲಿ ಗಂಡುಹುಡುಗರು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಕೆರೆಗೆ ಧುಮುಕಿ ಈಜು ಕಲಿಯುತ್ತಿದ್ದರು. ನಾವು ದಂಡೆಯ ಮೇಲೆ ಕೂತು ಅವರ ಅಂಗಿಚಡ್ಡಿ ಕಾಯುತ್ತಿದ್ದೆವು. ಹೆಣ್ಣಿಗೂ ಕೆರೆಗೂ ಇರುವ ಕಥೆಯೇ ಬೇರೆ. 'ಕೆರೆಗೆ ಹಾರ'ದ ಭಾಗೀರಥಿ ನಮಗೆಲ್ಲ ಗೊತ್ತು. ಕಿರಿಸೊಸೆಯನ್ನು ಕೆರೆಗೆ ಕೊಟ್ಟ ಹಾಡು ಕೇಳುತ್ತಲೇ ಬೆಳೆದವರು ನಾವು. ಮನೆಯಲ್ಲಿ ಜಗಳವಾದರೆ 'ಕೆರೆಯೋ ಬಾವಿಯೋ ನೋಡ್ಕೋತೀನಿ' ಎನ್ನುವ ಮಾತು ಎಷ್ಟು ಸಲೀಸಾಗಿ ಬರುತ್ತಿತ್ತು! ನಮ್ಮ ಮನೆಯಲ್ಲಿ ಅದು ಬರೀ ಮಾತಾಗಿ ಉಳಿಯಲಿಲ್ಲ. ನನಗೆ ಏಳು ವರ್ಷವಾಗಿದ್ದಾಗ, ತವರಿಗೆ ಬಂದಿದ್ದ ನಮ್ಮತ್ತೆ, ಅಪ್ಪನ ಕೊನೆಯ ತಂಗಿ, ಒಂದು ಬೆಳಿಗ್ಗೆ ಹಿತ್ತಲ ಬಾವಿಯಲ್ಲಿ ಸಿಕ್ಕಳು. ಆಮೇಲೆ ಅವಳ ಹೆಸರನ್ನು ಯಾರೂ ಎತ್ತಲಿಲ್ಲ. ಬಾವಿಗೆ ಕಬ್ಬಿಣದ ಜಾಲರಿ ಬಂತು, ಕೊಡಪಾನ ಇಳಿಯುವಷ್ಟು ಕಿಂಡಿ ಬಿಟ್ಟು. ಅಂದಿನಿಂದ ಆಳದ ನೀರು ಕಂಡರೆ ನನಗೆ ಎದೆ ಹಿಡಿದಂತಾಗುತ್ತಿತ್ತು.

ಇಂಥ ನಾನು ಐವತ್ತೊಂದನೆಯ ವಯಸ್ಸಿನಲ್ಲಿ ಈಜು ಕಲಿತದ್ದು ಮಂಡಿನೋವಿನ ದೆಸೆಯಿಂದ. ನೀರಿನಲ್ಲಿ ವ್ಯಾಯಾಮ ಮಾಡಿದರೆ ಮಂಡಿಯ ಮೇಲೆ ಭಾರ ಬೀಳುವುದಿಲ್ಲ ಎಂದರು ಡಾಕ್ಟರು. ಶಿವಮೊಗ್ಗದ ಈಜುಕೊಳದಲ್ಲಿ ಹೆಂಗಸರಿಗೆಂದೇ ಇದ್ದ ಹೊತ್ತಿಗೆ ಹೋಗತೊಡಗಿದೆ. ಸರಳು ಬಿಟ್ಟು ತೇಲುವುದಕ್ಕೇ ಒಂದೂವರೆ ತಿಂಗಳು ಬೇಕಾಯಿತು. ಬೆಂಗಳೂರಿನಲ್ಲಿರುವ ಅಕ್ಕನ ಮಗಳು ರಜಕ್ಕೆ ಬಂದಾಗ ಇದನ್ನು ನೋಡಿ, "ಚಿಕ್ಕಮ್ಮ, ಇಷ್ಟು ಬಂದ ಮೇಲೆ ಸಮುದ್ರದ ಒಳಗೇ ನೋಡಿಬಿಡೋಣ" ಎಂದಳು. ಫೋನಿನಲ್ಲಿ ಸುದ್ದಿ ಕೇಳಿದ ನನ್ನ ವಾರಗಿತ್ತಿ, "ಮೀನು ನೋಡಬೇಕಾದರೆ ಪೇಟೆಗೆ ಹೋದರಾಯಿತಪ್ಪ" ಎಂದಳು. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಇನ್ಶೂರೆನ್ಸ್ ಕಂತು ಕಟ್ಟಿದೆಯಾ?" ಎಂದು ಕೇಳಿದರು. ಅಷ್ಟು ಸಾಕಲ್ಲ, ಒಪ್ಪಿಗೆಯೆಂದೇ ಇಟ್ಟುಕೊಂಡೆ.

ಸಮುದ್ರದೊಳಗೆ ನೋಡಲು ಎರಡು ದಾರಿಗಳಿವೆ. ಒಂದು ಸ್ನಾರ್ಕೆಲಿಂಗ್: ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಒಂದು ಕೊಳವೆ. ನೀರಿನ ಮೇಲೆ ಬೋರಲು ತೇಲುತ್ತಾ ಕೆಳಗೆ ನೋಡುವುದು. ಇನ್ನೊಂದು ಸ್ಕೂಬಾ: ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೇ ಇಳಿಯುವುದು. ಮೊದಲನೆಯದನ್ನು ಕಲಿತೇ ಎರಡನೆಯದಕ್ಕೆ ಹೋಗುವುದು ಒಳ್ಳೆಯದು. ನಾನು ಎರಡು ವಾರ ಈಜುಕೊಳದಲ್ಲೇ ಮುಖವಾಡ ಹಾಕಿಕೊಂಡು ಅಭ್ಯಾಸ ಮಾಡಿದೆ.

ಮುಖವಾಡ ಕೊಳ್ಳುವಾಗ ಅದು ಮೂಗನ್ನೂ ಮುಚ್ಚುವಂಥದ್ದೇ ಎಂದು ನೋಡಬೇಕು. ಈಜುವವರ ಕನ್ನಡಕ ಇದಕ್ಕೆ ಆಗದು. ಆಳಕ್ಕೆ ಹೋದಂತೆ ನೀರಿನ ಒತ್ತಡ ಕಣ್ಣಿನ ಮುಂದಿನ ಗಾಜನ್ನು ಮುಖಕ್ಕೆ ಒತ್ತುತ್ತದೆ. ಆಗ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟು ಅದನ್ನು ಸಡಿಲಿಸಬೇಕಾಗುತ್ತದೆ. ಸರಿಯಾದ ಅಳತೆ ತಿಳಿಯಲು ಒಂದು ಉಪಾಯವಿದೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಹಿಡಿದು, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ಹಣೆಯ ಸ್ಟಿಕ್ಕರ್ ಬಿಂದಿಯದೂ ಅದೇ ತಕರಾರು. ಕಿವಿಯೋಲೆ, ಬಳೆ, ಸರ ಎಲ್ಲ ಮನೆಯಲ್ಲೇ ಇರಲಿ; ಜಾರಿ ಬಿದ್ದದ್ದನ್ನು ಸಮುದ್ರರಾಜ ವಾಪಸು ಕೊಡುವುದಿಲ್ಲ.

ಗಾಜಿಗೆ ಮಂಜು ಕಟ್ಟದಿರಲು ಹಳೆಯ ಕೈಮದ್ದು ಎಂಜಲು. ಹೌದು, ಒಳಗಡೆ ಉಗುಳಿ, ಬೆರಳಿನಲ್ಲಿ ಉಜ್ಜಿ, ನೀರಿನಲ್ಲಿ ಅಲ್ಲಾಡಿಸಿ ಹಾಕಿಕೊಳ್ಳುವುದು! ಎಂಜಲು ಮುಸುರೆ ಎಂದು ಹತ್ತು ಸಲ ಕೈ ತೊಳೆಯುವ ಮನೆಯಿಂದ ಬಂದ ನನಗೆ ಇದು ಸಣ್ಣ ಪರೀಕ್ಷೆಯಲ್ಲ. ಮಕ್ಕಳ ಶಾಂಪೂ ಒಂದು ಹನಿ ಹಚ್ಚಿ ತೊಳೆದರೂ ನಡೆಯುತ್ತದೆ ಎಂದು ತಿಳಿದಾಗ ಬದುಕಿದೆ ಎನಿಸಿತು.

ಕೊಳವೆ ಒಂದು ಮೊಳಕ್ಕಿಂತ ಉದ್ದ ಇರುವುದಿಲ್ಲ. ಉದ್ದದ ಕೊಳವೆಯಿದ್ದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ ಎಂದು ನನಗೂ ಅನಿಸಿತ್ತು. ಆಗದು. ಬಿಟ್ಟ ಉಸಿರೇ ಕೊಳವೆಯಲ್ಲಿ ಉಳಿದು ಮತ್ತೆ ಒಳಗೆ ಬರುತ್ತದೆ. ಮೇಲಾಗಿ ನೀರಿನ ಒತ್ತಡದಲ್ಲಿ ಎದೆ ಹಿಗ್ಗಿ ಮೇಲಿನ ಗಾಳಿ ಎಳೆದುಕೊಳ್ಳಲು ಸಾಧ್ಯವಾಗುವುದಿಲ್ಲ. ಕೊಳವೆಗೆ ನೀರು ನುಗ್ಗಿದರೆ ಒಲೆಯ ಊದುಗೊಳವೆ ಊದಿದ ಹಾಗೆ ಜೋರಾಗಿ ಒಮ್ಮೆ ಊದಿದರಾಯಿತು, ನೀರು ಹೊರಗೆ ಚಿಮ್ಮುತ್ತದೆ. ಊದುವುದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಕಾಲಿಗೆ ಹಾಕುವ ರಬ್ಬರಿನ ಈಜುರೆಕ್ಕೆಗಳನ್ನು ಮಾತ್ರ ಮಂಡಿಯಿಂದಲ್ಲ, ಸೊಂಟದಿಂದ ಆಡಿಸಬೇಕು. ನನ್ನ ಮಂಡಿಗೆ ಅದೇ ಹಿತ.

ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರದ ಮೇಲೆ ಮುರ್ಡೇಶ್ವರಕ್ಕೆ ಹೋದೆವು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪ. ದೋಣಿಯಲ್ಲಿ ಒಂದೂವರೆ ಗಂಟೆಯ ದಾರಿ. ಮಳೆಗಾಲದಲ್ಲಿ ಸಮುದ್ರ ಕೆರಳಿರುತ್ತದೆ, ಆಗ ದೋಣಿ ಬಿಡುವುದಿಲ್ಲ. ನಾವು ಹೋದದ್ದು ಡಿಸೆಂಬರಿನಲ್ಲಿ. ಹೊಟ್ಟೆ ತೊಳಸದಿರಲೆಂದು ಎರಡು ಇಡ್ಲಿಗಿಂತ ಹೆಚ್ಚು ತಿಂದಿರಲಿಲ್ಲ.

ದೋಣಿಯಲ್ಲಿ ಮೈಗೆ ಅಂಟುವ ರಬ್ಬರಿನ ಉಡುಪು ಕೊಟ್ಟರು. ಒಳಗೆ ಉದ್ದ ಕಾಲಿನ ಲೆಗ್ಗಿಂಗ್ಸ್, ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಿದ್ದರಿಂದ ಸಂಕೋಚ ಅರ್ಧ ಕಡಿಮೆಯಾಯಿತು. ಈ ಉಡುಪು ಅಂದಕ್ಕಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಹೀರಿಬಿಡುತ್ತದೆ. ಆಮೇಲೆ ಗಾಳಿ ತುಂಬುವ, ಬಿಡುವ ಗುಂಡಿಗಳಿರುವ ಒಂದು ಜಾಕೆಟ್, ಸೊಂಟಕ್ಕೆ ಸೀಸದ ಭಾರ, ಬೆನ್ನಿಗೆ ಸಿಲಿಂಡರ್. ಅದರಲ್ಲಿರುವುದು ಬರೀ ಆಮ್ಲಜನಕ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಎಂಬ ಸಾಧನ, ನಾವಿರುವ ಆಳಕ್ಕೆ ತಕ್ಕ ಒತ್ತಡದಲ್ಲಿ, ಎಳೆದಾಗಷ್ಟೇ ಗಾಳಿ ಕೊಡುತ್ತದೆ. ಕೂಸ್ಟೋ ಮತ್ತು ಗಾನ್ಯಾನ್ ಎಂಬ ಇಬ್ಬರು ಫ್ರೆಂಚರು 1943ರಲ್ಲಿ ರೂಪಿಸಿದ ಉಪಕರಣದ ವಂಶದ್ದು ಇದು.

ನನಗೆ ಜೊತೆಯಾದ ತರಬೇತುದಾರ ಆ ಕರಾವಳಿಯ ಹುಡುಗ, ನನ್ನ ಮಗನ ವಯಸ್ಸಿನವನು. "ಹೆದರೂದು ಎಂತಕ್ಕೆ ಅಮ್ಮಾ, ನಾ ಇದ್ದೆ ಅಲ್ಲ" ಎನ್ನುತ್ತಲೇ ಪಾಠ ಶುರು ಮಾಡಿದ. ಹೆಬ್ಬೆರಳು ಎತ್ತಿದರೆ 'ಚೆನ್ನಾಗಿದೆ' ಎಂದಲ್ಲ, 'ಮೇಲೆ ಹೋಗೋಣ' ಎಂದು ಅರ್ಥ. ಚೆನ್ನಾಗಿದೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಘಟ್ಟ ಇಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತದಲ್ಲ, ಹಾಗೇ ಇಲ್ಲೂ. ನೋವು ಬರುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು. ಕೊನೆಗೆ, "ಎಲ್ಲದಕ್ಕಿಂತ ದೊಡ್ಡ ಮಾತು ಒಂದೇ ಅಮ್ಮಾ, ಉಸಿರು ಹಿಡೀಬಾರದು. ಎಳೀತಾ ಇರಿ, ಬಿಡ್ತಾ ಇರಿ" ಎಂದ.

ಕಾರಣ ಸರಳ. ಹತ್ತು ಮೀಟರ್ ಆಳದಲ್ಲಿ ಒತ್ತಡ ದಡದಲ್ಲಿರುವುದರ ಎರಡರಷ್ಟು. ಅಲ್ಲಿ ಎಳೆದ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎರಡು ಪಟ್ಟು ಹಿಗ್ಗುತ್ತದೆ, ಶ್ವಾಸಕೋಶ ತಡೆಯುವುದಿಲ್ಲ. ಪ್ರಾಣಾಯಾಮ ಕಲಿತವರಿಗೆ ಹೇಳುವುದಾದರೆ, ಪೂರಕ ರೇಚಕ ನಿಧಾನವಾಗಿ ನಡೆಯಲಿ, ಕುಂಭಕ ಮಾತ್ರ ಬೇಡ.

ಕೇಳಿ ನಗು ಬಂತು. ಹೆಣ್ಣಿಗೆ ಈ ಲೋಕ ಕಲಿಸಿದ್ದೆಲ್ಲ ಕುಂಭಕವೇ ಅಲ್ಲವೇ? ಅತ್ತೆಮನೆಯಲ್ಲಿ, ಹಿರಿಯರ ಮುಂದೆ, ಸಿಟ್ಟು ಬಂದಾಗ, ಅಳು ಬಂದಾಗ ಹಿಡಿದುಕೋ, ಹಿಡಿದುಕೋ ಎಂದೇ. ಹಿಡಿದುಕೊಂಡದ್ದು ಒಳಗೊಳಗೇ ಹಿಗ್ಗಿ ನಮ್ಮತ್ತೆಯನ್ನು ಏನು ಮಾಡಿತೋ.

ಹಗ್ಗ ಹಿಡಿದು ಇಳಿದೆ. ಮೊದಲ ಎರಡು ಮೀಟರಿನಲ್ಲಿ ಹಿತ್ತಲ ಬಾವಿಯೇ ಕಣ್ಣಿಗೆ ಕಟ್ಟಿತು. ಎದೆ ಹಿಡಿಯಿತು. ಹುಡುಗ ತನ್ನ ಕೈಯನ್ನು ನಿಧಾನಕ್ಕೆ ಏರಿಸುತ್ತಾ ಇಳಿಸುತ್ತಾ ಉಸಿರಿನ ಲಯ ತೋರಿಸಿದ. ಎಳೆದೆ, ಬಿಟ್ಟೆ. ಗುಳ್ಳೆಗಳು ಗುಳುಗುಳು ಎಂದು ಮೇಲೆ ಹೋದವು. ಇನ್ನೊಮ್ಮೆ ಎಳೆದೆ. ಆಮೇಲೆ ಕಣ್ಣು ಬಿಟ್ಟು ನೋಡಿದರೆ ಅದು ಕಪ್ಪು ನೀರಾಗಿರಲಿಲ್ಲ. ಬೆಳಕು ಜರಡಿ ಹಿಡಿದಂತೆ ಇಳಿಯುತ್ತಿದ್ದ ನೀಲಿ. ಎಲ್ಲೋ ಸಾಸಿವೆ ಸಿಡಿದಂತೆ ಚಟಪಟ ಸದ್ದು! ಹವಳದ ಸಂದಿಯಲ್ಲಿರುವ ಸಣ್ಣ ಸೀಗಡಿಗಳು ಕೊಂಡಿ ಚಿಟಿಕಿಸುವ ಶಬ್ದವಂತೆ ಅದು. ಸಮುದ್ರದ ತಳದಲ್ಲೂ ಯಾರದೋ ಅಡುಗೆಮನೆ. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿಯಾಗಿ ಬಂದವು. ಗಿಳಿಮೀನೊಂದು ಕೊಕ್ಕಿನಂಥ ಹಲ್ಲಿನಿಂದ ಬಂಡೆ ಕೆರೆಯುತ್ತಿತ್ತು. ನೀರಿನಲ್ಲಿ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಕೈ ಚಾಚಿದರೆ ಸಿಗುವುದಿಲ್ಲ, ಚಾಚಲೂಬಾರದು. ಹವಳ ಕಲ್ಲಲ್ಲ, ಜೀವ. ಆರು ಮೀಟರ್ ಆಳದಲ್ಲಿ ಇಪ್ಪತ್ತು ನಿಮಿಷ ಇದ್ದೆನಂತೆ.

ಇದು ದೊಡ್ಡ ಸಾಹಸವೆಂದು ನಾನು ಹೇಳುವುದಿಲ್ಲ. ಕೊರಿಯಾದ ಜೇಜು ದ್ವೀಪದಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಸಿಲಿಂಡರ್ ಇಲ್ಲದೆ ಹತ್ತು ಮೀಟರ್ ಮುಳುಗಿ ಚಿಪ್ಪುಜೀವಿಗಳನ್ನು ತೆಗೆದು ಸಂಸಾರ ಸಾಕಿದ್ದಾರೆ. 'ಹೇನ್ಯೊ' ಎಂಬ ಈ ಹೆಂಗಸರ ವಿದ್ಯೆಯನ್ನು 2016ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ರಾಮನಾಥಪುರದ ಕಡಲತೀರದಲ್ಲಿ ಸಮುದ್ರಪಾಚಿ ಕೀಳಲು ಹೆಂಗಸರು ಮುಳುಗುತ್ತಾರೆ. 1970ರಲ್ಲಿ ಸಿಲ್ವಿಯಾ ಅರ್ಲ್ ಎಂಬ ಅಮೆರಿಕದ ವಿಜ್ಞಾನಿ ಐವರು ಮಹಿಳೆಯರ ತಂಡ ಕಟ್ಟಿಕೊಂಡು ನೀರಿನಡಿಯ ಮನೆಯಲ್ಲಿ ಎರಡು ವಾರ ವಾಸವಿದ್ದರು. ಅಲ್ಲಿ ಸೊಸೆ ಯಾರು, ಅತ್ತೆ ಯಾರು ಎಂದು ಯಾರೂ ಕೇಳಿರಲಿಕ್ಕಿಲ್ಲ.

ನೀವೂ ಹೋಗುವುದಾದರೆ ಒಂದೆರಡು ಮಾತು. ಹೃದಯದ ತೊಂದರೆ, ಉಬ್ಬಸ, ಕಿವಿಯ ರೋಗ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಬಸುರಿಯರಿಗೆ ಸ್ಕೂಬಾ ಬೇಡವೇ ಬೇಡ. ನೆಗಡಿಯಿದ್ದ ದಿನ ಕಿವಿ ಬಿಡುವುದಿಲ್ಲ, ಮುಂದೂಡಿ. ಒಂಟಿಯಾಗಿ ಎಂದೂ ಇಳಿಯಬೇಡಿ. ಡೈವಿಂಗ್ ಆದ ಮೇಲೆ ಕನಿಷ್ಠ ಹನ್ನೆರಡು ಗಂಟೆ, ಒಂದಕ್ಕಿಂತ ಹೆಚ್ಚು ಸಲ ಇಳಿದಿದ್ದರೆ ಹದಿನೆಂಟು ಗಂಟೆ ವಿಮಾನ ಹತ್ತಬಾರದು. ಎತ್ತರದ ಘಟ್ಟಕ್ಕೂ ಅದೇ ಎಚ್ಚರ ಎಂದು ನಾವು ಆ ರಾತ್ರಿ ಮುರ್ಡೇಶ್ವರದಲ್ಲೇ ಉಳಿದೆವು. ಈಜು ಬಾರದವರನ್ನೂ ತರಬೇತುದಾರರು ಕರೆದೊಯ್ಯುತ್ತಾರೆ, ನಿಜ. ಆದರೆ ಈಜು ಕಲಿತು ಹೋದರೆ ಆ ನೀಲಿ ನಿಮ್ಮದಾಗುತ್ತದೆ.

ಈಗ ಈಜುಕೊಳಕ್ಕೆ ನನ್ನ ವಾರಗಿತ್ತಿಯೂ ಬರುತ್ತಾಳೆ. ಸರಳು ಇನ್ನೂ ಬಿಟ್ಟಿಲ್ಲ. "ಉಸಿರು ಬಿಡೇ" ಎಂದರೆ, "ಬಿಟ್ಟರೆ ಮುಳುಗೋಲ್ವೇನೇ" ಎನ್ನುತ್ತಾಳೆ. ಎಷ್ಟೋ ವರ್ಷದ ಅಭ್ಯಾಸ, ಬೇಗ ಹೋಗುವುದಿಲ್ಲ. ಕಾಯುತ್ತೇನೆ.